ಕಾಡಿನ ಫಲವೂ ಮನೆಯ ಆದಾಯವೂ

ಗ್ರಾಮಜೀವನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉತ್ತ ಹೊಲ, ನೆಟ್ಟ ತೋಟ, ಕೊಟ್ಟಿಗೆಯ ದನಕರು. ಹಳ್ಳಿಗನ ಆದಾಯವನ್ನು ಎಣಿಸಹೊರಟವರೂ ಪಹಣಿಯಲ್ಲಿ ನಮೂದಾದ ಬೆಳೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಆದರೆ ಕಾಡಿನ ಒಳಗೂ ಅಂಚಿನಲ್ಲಿಯೂ ಬಾಳುವ ಸಹಸ್ರಾರು ಸಂಸಾರಗಳಿಗೆ ಪಹಣಿಯಲ್ಲಿ ಕಾಣದ ಇನ್ನೊಂದು ನೆಲವುಂಟು. ಅದನ್ನು ಅವರು ಉಳುವುದಿಲ್ಲ, ಬಿತ್ತುವುದಿಲ್ಲ, ಆದರೂ ಋತುಋತುವಿಗೆ ಅದರ ಫಲವನ್ನು ಪಡೆಯುತ್ತಾರೆ. ಜೇನು, ಮೇಣ, ಕಾಯಿ, ಬೇರು, ಎಲೆ ಮೊದಲಾಗಿ ಮರವನ್ನುರುಳಿಸದೆ ಕಾಡಿನಿಂದ ತರಬಹುದಾದ ಈ ಪದಾರ್ಥಗಳನ್ನು ಸರ್ಕಾರದ ಕಡತಗಳಲ್ಲಿ ಕಿರು ಅರಣ್ಯ ಉತ್ಪನ್ನಗಳೆಂದು ಕರೆಯುತ್ತಾರೆ. ಇವು ಒಂದು ಮನೆಯನ್ನು ಹೇಗೆ ನಡೆಸುತ್ತವೆ, ಯಾವ ಪರಿಸ್ಥಿತಿಯಲ್ಲಿ ಆ ಆಸರೆ ಕುಸಿಯುತ್ತದೆ ಎಂಬುದನ್ನು ಅರಿಯಲು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು ಉತ್ತಮ ನಿದರ್ಶನ.

ಪೂರ್ವಘಟ್ಟವೂ ಪಶ್ಚಿಮಘಟ್ಟವೂ ಸಂಧಿಸುವ ಈ ಗಿರಿಶ್ರೇಣಿಯಲ್ಲಿ ಸೋಲಿಗರು ಪೋಡುಗಳೆಂಬ ಸಣ್ಣ ವಸತಿಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಬೆಟ್ಟದೊಡೆಯನಾದ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ನಂಬಿ, ದೇವರನ್ನೇ ರಂಗಭಾವನೆಂದು ಕರೆಯುವ ಈ ಜನಕ್ಕೆ ಕಾಡು ಬಂಧುಗಳ ಮನೆ. ಹಿಂದೆ ಅವರು ತಾಣವನ್ನು ಬದಲಿಸುತ್ತ ರಾಗಿ ಮೊದಲಾದ ಧಾನ್ಯಗಳನ್ನು ಬೆಳೆಯುತ್ತಿದ್ದರು. 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾದ ತರುವಾಯ ಆ ಪದ್ಧತಿ ಅಂತ್ಯಗೊಂಡು, ಪೋಡಿನ ಸುತ್ತಣ ತುಂಡು ಜಮೀನು, ಕೂಲಿ, ಕಾಡಿನ ಸಂಗ್ರಹ, ಈ ಮೂರೇ ಅವರ ಜೀವನಾಧಾರವಾದುವು. ಜಮೀನಿನ ಫಸಲು ಆನೆ ಹಂದಿಗಳ ಪಾಲಾಗದೆ ಉಳಿದರೆ ಮನೆಯ ಊಟಕ್ಕಾದೀತು. ಉಪ್ಪು, ಬಟ್ಟೆ, ಔಷಧ, ಮಕ್ಕಳ ವಿದ್ಯಾಭ್ಯಾಸ ಇವುಗಳಿಗೆ ಬೇಕಾದ ನಗದನ್ನು ಒದಗಿಸುತ್ತಿದ್ದುದು ಕಾಡೇ. 1990ರ ದಶಕದಲ್ಲಿ ಇಲ್ಲಿ ಅಧ್ಯಯನ ನಡೆಸಿದ ವಿದ್ವಾಂಸರು, ಸೋಲಿಗರ ನಗದು ಆದಾಯದಲ್ಲಿ ಸರಿಸುಮಾರು ಅರ್ಧದಷ್ಟು ಈ ಸಂಗ್ರಹದಿಂದಲೇ ಬರುತ್ತಿದ್ದುದನ್ನು ಕಂಡರು.

ಈ ಆದಾಯಕ್ಕೆ ತನ್ನದೇ ಆದ ಪಂಚಾಂಗವಿದೆ. ಮಾಗಿಯ ಚಳಿಯಲ್ಲಿ ನೆಲ್ಲಿ ಬಲಿಯುತ್ತದೆ. ಅದರ ಹಿಂದೆಯೇ ಸೀಗೆ, ಅಂಟುವಾಳಗಳ ಸರದಿ. ವಸಂತದಲ್ಲಿ ಕಾಡು ಹೂವೇರಿದ ಮೇಲೆ, ಮುಂಗಾರು ಬಲಿಯುವ ಮುನ್ನ, ಹೆಜ್ಜೇನಿನ ಕಾಲ. ಮರಗಳ ತೊಗಟೆಗೆ ಹತ್ತಿ ಬೆಳೆಯುವ ಕಲ್ಲುಹೂವು ಮಸಾಲೆಯ ಅಂಗಡಿಗೂ, ಮಾಗಳಿಬೇರು ಉಪ್ಪಿನಕಾಯಿಯ ಭರಣಿಗೂ ಸೇರುತ್ತವೆ. ಮನೆಯ ಧಾನ್ಯವು ಮುಗಿಯುತ್ತ ಬಂದು, ಹೊಸ ಬಿತ್ತನೆಗೆ ಹಣ ಬೇಕಾಗುವ ಹೊತ್ತಿಗೆ ಸರಿಯಾಗಿ ಜೇನು ಒದಗುತ್ತದೆಂಬುದು ಗಮನಾರ್ಹ. ಮೊತ್ತವು ಅಲ್ಪವೆಂದು ತೋರಿದರೂ ಸಕಾಲದಲ್ಲಿ ಕೈಸೇರುವ ಹಣವು ಆ ಸಂಸಾರವನ್ನು ಸಾಲಗಾರನ ಬಾಗಿಲಿನಿಂದ ದೂರವಿಡುತ್ತದೆ. ನೂರೆಗೆಣಸು, ಸೊಪ್ಪು, ಅಣಬೆ, ಸೌದೆ ಮುಂತಾಗಿ ಮಾರಾಟಕ್ಕೆ ಬಾರದೆ ನೇರವಾಗಿ ಅಡುಗೆಮನೆಗೆ ಸೇರುವ ಪದಾರ್ಥಗಳಿಗಂತೂ ಯಾವ ಲೆಕ್ಕಪುಸ್ತಕದಲ್ಲಿಯೂ ಸ್ಥಳವಿಲ್ಲ.

ಸಂಗ್ರಹಿಸಿದ ಮಾಲನ್ನು ಕೊಳ್ಳುತ್ತಿದ್ದುದು ಲ್ಯಾಂಪ್ಸ್ ಎಂದು ಪ್ರಸಿದ್ಧವಾದ ಆದಿವಾಸಿಗಳ ಸಹಕಾರ ಸಂಘ. ದಲ್ಲಾಳಿಗಳ ಶೋಷಣೆಯಿಂದ ಸಂಗ್ರಹಕಾರನನ್ನು ಪಾರುಮಾಡುವ ಸದುದ್ದೇಶದಿಂದ ಹುಟ್ಟಿದ ವ್ಯವಸ್ಥೆಯಿದು. ಆದರೂ ಹಸಿಯ ಮಾಲಿಗೆ ದೊರೆಯುವ ಬೆಲೆಗೂ, ಅದೇ ನೆಲ್ಲಿ ಲೇಹ್ಯವಾಗಿ, ಅದೇ ಜೇನು ಸೋಸಿ ಶೀಸೆ ಸೇರಿದ ಮೇಲೆ ಪಟ್ಟಣದಲ್ಲಿ ದೊರೆಯುವ ಬೆಲೆಗೂ ಅಜಗಜಾಂತರವಿದೆ. ಮರವೇರಿದವನ ಶ್ರಮಕ್ಕಿಂತ ಮಾರುಕಟ್ಟೆಯನ್ನು ಬಲ್ಲವನ ಜಾಣ್ಮೆಗೇ ಲಾಭದ ಹಿರಿಯ ಪಾಲು ಸಲ್ಲುತ್ತದೆ.

ಕಾಡಿನಿಂದ ಪಡೆಯುವವರೇ ಕಾಡನ್ನು ಹಾಳುಗೆಡವುತ್ತಾರೆಂಬ ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಸೋಲಿಗರು ಬೇಸಗೆಯ ಆರಂಭದಲ್ಲಿ ಒಣ ಎಲೆಗಳಿಗೆ ಹದವಾಗಿ ಬೆಂಕಿಯಿಡುವ ಪದ್ಧತಿಯಿತ್ತು. ಅದನ್ನವರು ತರಗು ಬೆಂಕಿಯೆನ್ನುತ್ತಾರೆ. ಅಧಿಕಾರಿಗಳು ಅದನ್ನು ನಿಷೇಧಿಸಿದ ಮೇಲೆಯೇ ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆಯು ವಿಪರೀತವಾಗಿ ಹಬ್ಬಿ ಮರಗಳನ್ನು ಸೊರಗಿಸಿತೆಂದೂ, ಒಂದು ಕಾಲದಲ್ಲಿ ಉದ್ಯಾನಗಳ ಶೋಭೆಗೆಂದು ಪರದೇಶದಿಂದ ತಂದ ಲಂಟಾನ ಗಿಡವು ಕಾಡಿನ ನೆಲವನ್ನೆಲ್ಲ ಆವರಿಸಿ ಎಳೆಯ ಸಸಿಗಳನ್ನು ಅಡಗಿಸಿತೆಂದೂ ಪೋಡಿನ ಹಿರಿಯರು ಹೇಳುತ್ತಾರೆ. ಯಾವ ಮರ ಎಂದು ಫಲಿಸೀತು, ಯಾವ ಬಂಡೆಯಲ್ಲಿ ಜೇನು ಕಟ್ಟೀತು ಎಂದು ಬಲ್ಲವರ ಈ ಅನುಭವೋಕ್ತಿಯನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಅದರಲ್ಲಿ ವಿಚಾರಾರ್ಹವಾದ ಅಂಶವಿದೆಯೆಂದು ಸಂಶೋಧಕರೂ ಒಪ್ಪಿದ್ದಾರೆ.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತಿದ್ದುಪಡಿಗೊಂಡ ಪರಿಣಾಮವಾಗಿ, ಕೆಲವೇ ವರ್ಷಗಳಲ್ಲಿ ಈ ಬೆಟ್ಟದಲ್ಲಿ ಮಾರಾಟಕ್ಕಾಗಿ ನಡೆಯುತ್ತಿದ್ದ ಸಂಗ್ರಹವು ನಿಷಿದ್ಧವಾಯಿತು. ಅರ್ಧ ಆದಾಯವನ್ನು ಒಮ್ಮೆಲೇ ಕಳೆದುಕೊಂಡ ಸಂಸಾರಗಳಲ್ಲಿ ಅನೇಕವು ಕಾಫಿತೋಟಗಳ ಕೂಲಿಯನ್ನರಸಿ ದೂರಕ್ಕೆ ಹೋಗಬೇಕಾಯಿತು. ಅನಂತರ ಬಂದ 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಉತ್ಪನ್ನಗಳ ಒಡೆತನವನ್ನೂ, ಅವುಗಳನ್ನು ಸಂಗ್ರಹಿಸಿ ಮಾರುವ ಅಧಿಕಾರವನ್ನೂ ಅರಣ್ಯವಾಸಿಗಳಿಗೆ ಇತ್ತಿತು. ಬಿಳಿಗಿರಿಯು ಹುಲಿ ಸಂರಕ್ಷಿತ ಪ್ರದೇಶವೆನಿಸಿಕೊಂಡ 2011ರಲ್ಲಿಯೇ ಸೋಲಿಗರ ಗ್ರಾಮಸಭೆಗಳು ಸಾಮುದಾಯಿಕ ಹಕ್ಕುಪತ್ರಗಳನ್ನು ಪಡೆದುವು. ಹುಲಿಯ ಕಾಡಿನಲ್ಲಿ ಮನುಷ್ಯನ ಹಕ್ಕಿಗೂ ಮನ್ನಣೆ ದೊರೆತ ಈ ಸಂಗತಿಯು ದೇಶದ ಗಮನವನ್ನು ಸೆಳೆಯಿತು.

ಹಕ್ಕು ಅನಿಶ್ಚಿತವಾಗಿರುವಲ್ಲಿ ಒಳ್ಳೆಯ ಬೆಲೆಯೂ ವಿಪತ್ತನ್ನು ತಂದೀತೆಂಬುದಕ್ಕೆ ಉತ್ತರ ಕನ್ನಡದ ಉಪ್ಪಾಗೆಯೇ ಸಾಕ್ಷಿ. ಶಿರಸಿ ಸಿದ್ಧಾಪುರಗಳ ಕಾಡಿನಲ್ಲಿ ಬೆಳೆಯುವ ಈ ಹುಳಿಹಣ್ಣಿನ ಸಿಪ್ಪೆಯಿಂದ ಬೊಜ್ಜು ಕರಗಿಸುವ ಔಷಧವನ್ನು ತಯಾರಿಸಬಹುದೆಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ಅದರ ಬೆಲೆಯು ಏರಿತು. ಸಂಗ್ರಹಕಾರರಿಗೆ ಕೈತುಂಬ ಹಣ ಬಂದುದು ನಿಜ. ಆದರೆ ಎಲ್ಲರೂ ನುಗ್ಗಬಹುದಾದ ಕಾಡಿನಲ್ಲಿ, ತಾನು ಕಾದರೆ ಮತ್ತೊಬ್ಬನು ಕೊಯ್ದಾನೆಂಬ ಶಂಕೆಯಿಂದ ಕಾಯಿ ಬಲಿಯುವ ಮುನ್ನವೇ ಕೊಯ್ಲು ನಡೆಯಿತು, ಕೊಂಬೆಗಳಿಗೆ ಕತ್ತಿ ಬಿದ್ದಿತು. ಮಳೆಗಾಲದ ಹಣ್ಣಾದುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾಗಿ ಸೌದೆಯೂ ಹೇರಳವಾಗಿ ವ್ಯಯವಾಯಿತು. ಅಡಕೆಯ ತೋಟಿಗರಿಗೆ ಅನುಭೋಗದ ಹಕ್ಕಿರುವ ಸೊಪ್ಪಿನ ಬೆಟ್ಟದಂತಹ ಕಡೆಗಳಲ್ಲಾದರೋ ಹಣ್ಣಾಗುವ ತನಕ ಕಾಯುವ ಸಂಯಮಕ್ಕೆ ಅವಕಾಶವಿದೆ. ಬರುವ ವರ್ಷದ ಫಲವೂ ತನ್ನದೆಂದು ತಿಳಿದವನು ಈ ವರ್ಷ ಕೊಂಬೆಯನ್ನೇಕೆ ಕಡಿದಾನು?

ಆದಕಾರಣ ಅರಣ್ಯರಕ್ಷಣೆಯನ್ನೂ ಬಡವನ ಆದಾಯವನ್ನೂ ಪರಸ್ಪರ ಶತ್ರುಗಳೆಂದು ಬಗೆಯುವುದು ಸರಿಯಲ್ಲ. ಕೇಂದ್ರ ಸರ್ಕಾರವು 2013ರಿಂದೀಚೆಗೆ ಕೆಲವು ಕಿರು ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನು ಗೊತ್ತುಪಡಿಸುತ್ತಿರುವುದು ಸ್ವಾಗತಾರ್ಹ. ಆದರೆ ಬೆಲೆಯೊಂದೇ ಸಾಲದು. ಎಷ್ಟು ಕೊಯ್ಯಬೇಕು, ಎಷ್ಟನ್ನು ಮರಕ್ಕೂ ಮೃಗಪಕ್ಷಿಗಳಿಗೂ ಬಿಡಬೇಕೆಂಬ ನಿರ್ಣಯವು ಗ್ರಾಮಸಭೆಯಲ್ಲಿ ಆಗಬೇಕು. ಜೇನನ್ನು ಸೋಸುವ, ನೆಲ್ಲಿಯನ್ನು ಸಂಸ್ಕರಿಸುವ ಕೆಲಸ ಪೋಡಿನಲ್ಲಿಯೇ ನಡೆದು ಅದರ ಲಾಭವು ಅಲ್ಲಿಯೇ ಉಳಿಯಬೇಕು. ಕಾಗದದ ಮೇಲಿನ ಹಕ್ಕು ಅರಣ್ಯ ಇಲಾಖೆಯ ನಿತ್ಯವ್ಯವಹಾರದಲ್ಲಿಯೂ ಮಾನ್ಯವಾಗಬೇಕು. ಕಾಡು ಉಳಿದರೆ ಮಾತ್ರ ತನ್ನ ಮನೆ ಉಳಿದೀತೆಂದು ದಿನದಿನವೂ ಕಾಣುವ ಮನುಷ್ಯನಿಗಿಂತ ಶ್ರದ್ಧಾವಂತನಾದ ವನಪಾಲಕನನ್ನು ಯಾವ ಸರ್ಕಾರವೂ ಸಂಬಳ ಕೊಟ್ಟು ನೇಮಿಸಲಾರದು.