ವಿದ್ಯುತ್ ಕಾರು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ವಿದ್ಯುತ್ ಕಾರು ಕನ್ನಡಿಗರಿಗೆ ತೀರ ಹೊಸ ವಸ್ತುವೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ರಸ್ತೆಗಿಳಿದ ‘ರೇವಾ’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹಲವರು ಕಂಡಿದ್ದಾರೆ. ‘ಜಿ-ವಿಜ್’ ಎಂಬ ಹೆಸರಿನಿಂದ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಅದರ ಒಡೆತನ ಮಹೀಂದ್ರ ಸಂಸ್ಥೆಗೆ ಸೇರಿತು. ಇಷ್ಟು ಕೀರ್ತಿ ಗಳಿಸಿದರೂ ಆ ಕಾರು ಮಧ್ಯಮ ವರ್ಗದ ಮನೆಯಂಗಳಕ್ಕೆ ಬರಲಿಲ್ಲ. ಒಮ್ಮೆ ಚಾರ್ಜು ಮಾಡಿದರೆ ಓಡುತ್ತಿದ್ದುದು ಸುಮಾರು 80 ಕಿಲೋಮೀಟರ್. ಸೀಸ-ಆಮ್ಲದ ಬ್ಯಾಟರಿಯನ್ನು ಕೆಲವೇ ವರ್ಷಗಳಲ್ಲಿ ಬದಲಾಯಿಸಬೇಕಾಗುತ್ತಿತ್ತು.

ಲಿಥಿಯಂ ಬ್ಯಾಟರಿಯ ಆಗಮನದಿಂದ ಚಿತ್ರ ಬದಲಾಗಿದೆ. 2020ರಲ್ಲಿ ಟಾಟಾ ನೆಕ್ಸಾನ್, 2022ರಲ್ಲಿ ಟಿಯಾಗೊ, 2023ರಲ್ಲಿ ಎಂ.ಜಿ. ಕಾಮೆಟ್ ವಿದ್ಯುತ್ ಕಾರುಗಳು ಬಂದ ಮೇಲೆ ಮಹಾನಗರದ ಸಂಬಳದಾರರೂ ಇದನ್ನು ಗಂಭೀರವಾಗಿ ಯೋಚಿಸತೊಡಗಿದ್ದಾರೆ. ಆದರೆ ರೇವಾ ಎದುರಿಸಿದ ಪ್ರಶ್ನೆಗಳು ಇಂದಿಗೂ ಪೂರ್ತಿ ಮಾಯವಾಗಿಲ್ಲ. ಎಷ್ಟು ದೂರ, ಎಲ್ಲಿ ಚಾರ್ಜು, ಎಷ್ಟು ವೆಚ್ಚ? ಈ ಮೂರಕ್ಕೂ ಉತ್ತರ ಮಾರಾಟ ಮಳಿಗೆಯಲ್ಲಿ ಸಿಗುವುದಿಲ್ಲ. ಕೊಳ್ಳುವವರ ಮನೆಯಲ್ಲಿಯೇ ಸಿಗುತ್ತದೆ.

ಮೊದಲ ಪ್ರಶ್ನೆ: ಕಾರು ಎಲ್ಲಿ ನಿಲ್ಲುತ್ತದೆ?

ಪೆಟ್ರೋಲ್ ಕಾರನ್ನು ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ವಿದ್ಯುತ್ ಕಾರಿಗೆ ರಾತ್ರಿ ತಂಗುವ ಸ್ಥಳವೇ ಪೆಟ್ರೋಲ್ ಬಂಕು. ಸ್ವಂತ ಪಾರ್ಕಿಂಗ್ ಜಾಗ, ಅಲ್ಲಿಗೆ ತನ್ನದೇ ಮೀಟರಿನಿಂದ ಬರುವ ತಂತಿ, ಸರಿಯಾದ ಅರ್ತಿಂಗ್ ಇರುವ 15 ಆಂಪಿಯರ್ ಸಾಕೆಟ್: ಇಷ್ಟಿದ್ದರೆ ಸಣ್ಣ ಕಾರಿಗೆ ಸಾಕು. 24 ಯೂನಿಟ್ ಹಿಡಿಸುವ ಬ್ಯಾಟರಿ ಇಂಥ ಸಾಕೆಟ್ಟಿನಿಂದ ತುಂಬಲು ಎಂಟು-ಒಂಬತ್ತು ಗಂಟೆ ಬೇಕು. ಮಲಗಿ ಏಳುವಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಮುಂಬಯಿ, ಪುಣೆ, ಚೆನ್ನೈಗಳ ಹಳೆಯ ಸೊಸೈಟಿಗಳಲ್ಲಿ ತೊಡಕು ಇಲ್ಲಿಂದಲೇ ಆರಂಭ. ನಾಲ್ಕನೆಯ ಮಹಡಿಯ ಮನೆಯ ಮೀಟರಿನಿಂದ ಕೆಳಗಿನ ಪಾರ್ಕಿಂಗ್‌ವರೆಗೆ ತಂತಿ ಎಳೆಯಲು ಸೊಸೈಟಿಯ ಒಪ್ಪಿಗೆ ಬೇಕು. ಮನೆಯಲ್ಲಿಯೇ ತನ್ನ ಸಂಪರ್ಕದಿಂದ ಕಾರನ್ನು ಚಾರ್ಜು ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಅವಕಾಶ ನೀಡಿದೆ. ಆದರೂ ಸಾಮಾನ್ಯ ಜಾಗದಲ್ಲಿ ತಂತಿ ಹಾಯುವಾಗ ನೆರೆಹೊರೆಯವರ ಸಹಮತವಿಲ್ಲದೆ ಕೆಲಸ ಸಾಗುವುದು ಕಷ್ಟ. ಆದುದರಿಂದ ಕಾರಿಗೆ ಮುಂಗಡ ಕೊಡುವ ಮೊದಲೇ ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯುವುದು ವಿವೇಕ. ಮನೆಗೆ ಮಂಜೂರಾದ ವಿದ್ಯುತ್ ಹೊರೆ ಎಷ್ಟೆಂಬುದನ್ನೂ ಬಿಲ್ಲಿನಲ್ಲಿ ನೋಡಬೇಕು. ಗೀಸರ್, ಹವಾನಿಯಂತ್ರಣ, ಕಾರು ಒಟ್ಟಿಗೆ ನಡೆಯುವುದಾದರೆ ಹೊರೆ ಹೆಚ್ಚಿಸಲು ಅರ್ಜಿ ಹಾಕಬೇಕಾದೀತು. ಬಾಡಿಗೆ ಮನೆಯವರಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಮನೆ ಬದಲಾಯಿಸಿದರೆ ಚಾರ್ಜರನ್ನು ಕಿತ್ತು ಒಯ್ಯುವ ಖರ್ಚೂ ಇದೆ.

ಎರಡನೆಯ ಪ್ರಶ್ನೆ: ಓಟ ಎಷ್ಟು, ಉಳಿತಾಯ ಎಷ್ಟು?

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ತಿಂಗಳಿಗೆ 1,000 ಕಿಲೋಮೀಟರಿನಂತೆ ವರ್ಷಕ್ಕೆ 12,000 ಕಿಲೋಮೀಟರ್ ಓಟವೆಂದು ಇಟ್ಟುಕೊಳ್ಳೋಣ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 800 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೆ 80,000 ರೂಪಾಯಿ. ವಿದ್ಯುತ್ ಕಾರು, ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಯೂನಿಟ್ಟಿಗೆ 6 ಕಿಲೋಮೀಟರ್ ಓಡಿದರೆ 2,000 ಯೂನಿಟ್ ಬೇಕು. ಯೂನಿಟ್ಟಿಗೆ 10 ರೂಪಾಯಿಯಂತೆ 20,000 ರೂಪಾಯಿ. ಉಳಿತಾಯ ವರ್ಷಕ್ಕೆ 60,000, ಅಂದರೆ ಕಿಲೋಮೀಟರಿಗೆ 5 ರೂಪಾಯಿ. ಕಾರಿನಿಂದಾಗಿ ತಿಂಗಳಿಗೆ ಸುಮಾರು 170 ಯೂನಿಟ್ ಬಳಕೆ ಏರುತ್ತದೆ. ಬಹುತೇಕ ನಗರಗಳಲ್ಲಿ ಬಳಕೆ ಏರಿದಂತೆ ದರವೂ ಏರುವುದರಿಂದ ಹಳೆಯ ಬಿಲ್ಲಿನ ಸರಾಸರಿ ದರವನ್ನಲ್ಲ, ಮೇಲಿನ ಹಂತದ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮನೆಯಲ್ಲಿ ಸೌಕರ್ಯವಿಲ್ಲದೆ ಸಾರ್ವಜನಿಕ ಕೇಂದ್ರದಲ್ಲಿ ಯೂನಿಟ್ಟಿಗೆ 20 ರೂಪಾಯಿ ತೆತ್ತರೆ ಉಳಿತಾಯ 40,000ಕ್ಕೆ ಇಳಿಯುತ್ತದೆ. ಕಾಯುವ ಸಮಯದ ಬೆಲೆ ಬೇರೆ.

ಈಗ ನಾಣ್ಯದ ಇನ್ನೊಂದು ಮುಖ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿಗೆ 3 ಲಕ್ಷ ರೂಪಾಯಿ ಹೆಚ್ಚು ಬೀಳುತ್ತದೆಂದು ಭಾವಿಸಿದರೆ ಅದು ಮರಳಿ ಬರಲು 60,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 2,000 ಕಿಲೋಮೀಟರ್ ಓಡುವವರಿಗೆ ಎರಡೂವರೆ ವರ್ಷ, 1,000 ಓಡುವವರಿಗೆ ಐದು ವರ್ಷ. ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿ, ಭಾನುವಾರ ಮಾತ್ರ ಕಾರು ತೆಗೆದು ತಿಂಗಳಿಗೆ 400 ಕಿಲೋಮೀಟರ್ ಓಡಿಸುವ ಗೃಹಸ್ಥರಿಗೆ ಹನ್ನೆರಡೂವರೆ ವರ್ಷ! ಆ 3 ಲಕ್ಷವನ್ನು ಶೇಕಡಾ 9ರ ಸಾಲದಿಂದ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 27,000. ಇವರ ವರ್ಷದ ಉಳಿತಾಯ 24,000 ಮಾತ್ರ. ಪೆಟ್ರೋಲ್ ಉಳಿಸಲು ಹೋಗಿ ಬಡ್ಡಿ ಕಟ್ಟಿದಂತಾಯಿತು. ಎಣ್ಣೆ ಬದಲಾವಣೆಯಂಥ ನಿರ್ವಹಣೆಯ ಖರ್ಚು ಕಡಿಮೆಯೆಂಬುದು ನಿಜ. ಆದರೆ ಕಾರು ಭಾರವಾದುದರಿಂದ ಟಯರು ಬೇಗ ಸವೆಯಬಹುದು. ಬೆಲೆ ಹೆಚ್ಚಾದುದರಿಂದ ವಿಮೆಯ ಕಂತೂ ಏರಬಹುದು.

ಸಾಲ, ತೆರಿಗೆ, ನೋಂದಣಿ

ಹಳೆಯ ಮಾಹಿತಿಯನ್ನು ನಂಬಿ ಮೋಸ ಹೋಗುವ ಸಂಭವ ಇಲ್ಲಿ ಹೆಚ್ಚು. ವಿದ್ಯುತ್ ವಾಹನದ ಸಾಲದ ಬಡ್ಡಿಯ ಮೇಲೆ 1.5 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ನೀಡುತ್ತಿದ್ದ 80ಇಇಬಿ ಕಲಮು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ ಅನ್ವಯಿಸಿತ್ತು. ಹೊಸ ಸಾಲಕ್ಕೆ ಆ ಲಾಭವಿಲ್ಲ. 2024ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯ ಸಹಾಯಧನ ಖಾಸಗಿ ಕಾರುಗಳಿಗೆ ಇಲ್ಲ. ಜಿ.ಎಸ್.ಟಿ. 2019ರ ಆಗಸ್ಟಿನಿಂದ ಶೇಕಡಾ 5 ಮಾತ್ರ ಎಂಬುದು ದೊಡ್ಡ ಅನುಕೂಲವೇ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ 28ರಿಂದ 18ಕ್ಕೆ ಇಳಿದುದರಿಂದ ಬೆಲೆಯ ಅಂತರದ ಹಳೆಯ ಲೆಕ್ಕಗಳನ್ನು ಹೊಸದಾಗಿ ಮಾಡಬೇಕಾಗಿದೆ.

ಹಲವು ಬ್ಯಾಂಕುಗಳು ವಿದ್ಯುತ್ ಕಾರಿನ ಸಾಲಕ್ಕೆ ಬಡ್ಡಿಯಲ್ಲಿ ಅಲ್ಪ ರಿಯಾಯಿತಿ ನೀಡುತ್ತವೆ. ಎಂಟು ವರ್ಷದ ಅವಧಿ ಸಿಕ್ಕರೂ ಐದು ವರ್ಷಕ್ಕೆ ಮುಗಿಸುವುದು ಮೇಲು. ಬ್ಯಾಟರಿಯ ಖಾತರಿ ಮುಗಿಯುವ ವೇಳೆಗೆ ಕಂತೂ ಮುಗಿದಿರಬೇಕು.

ವರ್ಗಾವಣೆಯ ನೌಕರಿಯವರು ಇನ್ನೊಂದು ವಿಷಯವನ್ನು ಮರೆಯಬಾರದು. ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗೂ ಮೀರಿ ಇರಿಸಿಕೊಂಡರೆ ಅಲ್ಲಿ ಮರುನೋಂದಣಿ ಅಗತ್ಯ. ಒಂದು ರಾಜ್ಯದ ರಸ್ತೆ ತೆರಿಗೆಯ ರಿಯಾಯಿತಿ ಮತ್ತೊಂದರಲ್ಲಿ ಇರಬೇಕೆಂದೇನೂ ಇಲ್ಲ. 2021ರಲ್ಲಿ ಬಂದ ‘ಬಿ.ಎಚ್.’ ಸರಣಿಯ ನೋಂದಣಿ ಈ ತೊಂದರೆಯನ್ನು ತಪ್ಪಿಸುತ್ತದೆ. ಸರಕಾರಿ ನೌಕರರು, ಸಾರ್ವಜನಿಕ ಉದ್ದಿಮೆ ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ತೆರಿಗೆಯನ್ನು ಎರಡೆರಡು ವರ್ಷಗಳಿಗೆ ಕಟ್ಟಬಹುದು. ವಿದ್ಯುತ್ ವಾಹನಕ್ಕೆ ದರ ಶೇಕಡಾ 2ರಷ್ಟು ಕಡಿಮೆ.

ಬ್ಯಾಟರಿ: ಕಾರಿನ ಅರ್ಧ ಆಸ್ತಿ

ಕಾರಿನ ಅತ್ಯಂತ ಬೆಲೆಯುಳ್ಳ ಭಾಗ ಬ್ಯಾಟರಿ. ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಸಿಗುತ್ತದೆ. ಖಾತರಿಪತ್ರದಲ್ಲಿ ಮೂರು ವಿಷಯಗಳನ್ನು ಓದಿಯೇ ಸಹಿ ಹಾಕಬೇಕು: ಬ್ಯಾಟರಿ ಪೂರ್ತಿ ಕೆಟ್ಟರೆ ಮಾತ್ರವೇ, ಶಕ್ತಿ ಕುಗ್ಗಿದರೂ ಖಾತರಿ ಉಂಟೇ? ಕಾರನ್ನು ಮಾರಿದರೆ ಎರಡನೆಯ ಮಾಲೀಕರಿಗೂ ಅದು ಮುಂದುವರಿಯುವುದೇ? ಯಾವ ಕಾರಣಗಳಿಂದ ಅದು ರದ್ದಾಗುತ್ತದೆ? ಕಾರಿನ ಮರುಮಾರಾಟದ ಬೆಲೆ ಬಹುಮಟ್ಟಿಗೆ ಈ ಉತ್ತರಗಳನ್ನು ಅವಲಂಬಿಸಿದೆ.

ಬ್ಯಾಟರಿಗೆ ಬಿಸಿಲೇ ಶತ್ರು. ಚೆನ್ನೈ, ಹೈದರಾಬಾದು, ದಿಲ್ಲಿಗಳ ಬೇಸಿಗೆಯಲ್ಲಿ ನೆರಳಿನ ತಾಣ ಬೇಕು. ಪೂರ್ತಿ ತುಂಬಿಸಿ ದಿನಗಟ್ಟಲೆ ನಿಲ್ಲಿಸಬಾರದು. ಕರಾವಳಿಯ ನಗರಗಳಲ್ಲಿ ನೆರೆಯ ಭಯವೂ ಇದೆ. 2005ರ ಜುಲೈ 26ರ ಮುಂಬಯಿಯನ್ನು, 2015 ಮತ್ತು 2023ರ ಡಿಸೆಂಬರಿನ ಚೆನ್ನೈಯನ್ನು ಅಲ್ಲಿಯವರು ಮರೆತಿಲ್ಲ. ‘ಐಪಿ 67’ ಎಂಬ ಗುರುತು ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ತಾಳುವ ಪರೀಕ್ಷೆಯನ್ನು ಸೂಚಿಸುತ್ತದೆ. ನೆಲಮಾಳಿಗೆಯಲ್ಲಿ ರಾತ್ರಿಯೆಲ್ಲ ಮುಳುಗಿದ ಕಾರಿಗೆ ಅದು ಅಭಯವಲ್ಲ. ಮುಳುಗಿದ ಕಾರನ್ನು ತಾವೇ ಚಾಲೂ ಮಾಡುವುದು, ಚಾರ್ಜಿಗೆ ಹಾಕುವುದು ಸಲ್ಲದು. ವಿಮೆಯಲ್ಲಿ ಬ್ಯಾಟರಿಗೆ ಪ್ರತ್ಯೇಕ ರಕ್ಷಣೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಮೂರನೆಯವರ ವಿಮೆಯ ಕಂತಿನಲ್ಲಿ 2022ರಲ್ಲಿ ವಿದ್ಯುತ್ ವಾಹನಕ್ಕೆ ನಿಗದಿಯಾದ ಶೇಕಡಾ 15ರ ರಿಯಾಯಿತಿಯ ಹಣವನ್ನು ಇದಕ್ಕೆ ಬಳಸಬಹುದು.

ಊರಿನ ದಾರಿ

ಹೊರನಾಡ ಕನ್ನಡಿಗರ ಮನಸ್ಸು ಬೇಸಿಗೆ ರಜೆ ಬಂದೊಡನೆ ಊರಿನತ್ತ ಓಡುತ್ತದೆ. ಪ್ರಮಾಣಪತ್ರದಲ್ಲಿ 300 ಕಿಲೋಮೀಟರ್ ಎಂದಿದ್ದರೂ ಹೆದ್ದಾರಿಯ ವೇಗ, ಹವಾನಿಯಂತ್ರಣ, ತುಂಬಿದ ಸಂಸಾರ ಸೇರಿದಾಗ ಅದು 200ರ ಆಸುಪಾಸಿನಲ್ಲಿ ಮುಗಿಯಬಹುದು. ವೇಗದ ಚಾರ್ಜರ್ ಶೇಕಡಾ 80ರ ನಂತರ ನಿಧಾನಿಸುತ್ತದೆ. 20ಕ್ಕಿಂತ ಕೆಳಗಿಳಿಯುವುದು ಆತಂಕದ ಮಾತು. ಹೀಗಾಗಿ ಮೊದಲ ಹಂತದಲ್ಲಿ 160, ಅನಂತರ ಪ್ರತಿ ಹಂತದಲ್ಲಿ 120 ಕಿಲೋಮೀಟರ್ ಎಂದು ಎಣಿಸಬೇಕು. ಮುಂಬಯಿಯಿಂದ ಹುಬ್ಬಳ್ಳಿಗೆ ಸುಮಾರು 570 ಕಿಲೋಮೀಟರ್. ದಾರಿಯಲ್ಲಿ ನಾಲ್ಕು ನಿಲುಗಡೆ, ಒಂದೊಂದಕ್ಕೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ದೊಡ್ಡ ಬ್ಯಾಟರಿಯ ಕಾರಿನಲ್ಲಿ ಎರಡು ನಿಲುಗಡೆ ಸಾಕಾದೀತು. ಅದಕ್ಕೆ ತಕ್ಕ ಬೆಲೆಯನ್ನು ವರ್ಷವಿಡೀ ಹೊರಬೇಕು. ವರ್ಷಕ್ಕೊಮ್ಮೆ ಊರಿಗೆ ರೈಲಿನಲ್ಲಿ ಹೋಗುವ ಮನೆಗೆ ಚಿಕ್ಕ ಬ್ಯಾಟರಿಯೇ ಸಾಕು.

ಊರು ತಲುಪಿದ ಮೇಲೂ ಒಂದು ಮಾತಿದೆ. ಹಳೆಯ ಮನೆಯಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜನ್ನೇ ಸ್ವೀಕರಿಸದು. ಹೊರಡುವ ಮೊದಲೇ ಅಲ್ಲಿಯ ವಿದ್ಯುತ್ ಕೆಲಸದವರಿಂದ ಒಂದು ಸಾಕೆಟ್ ಹಾಕಿಸಿಕೊಂಡರೆ ಹಿರಿಯರ ಮುಂದೆ ಪೇಚಾಡುವುದು ತಪ್ಪುತ್ತದೆ.

ಹೊಗೆ ಮತ್ತು ಉಸಿರು

ವಿದ್ಯುತ್ ಕಾರಿಗೆ ಹೊಗೆಕೊಳವೆ ಇಲ್ಲ. ಮುಚ್ಚಿದ ನೆಲಮಾಳಿಗೆಯಲ್ಲಿ, ಶಾಲೆಯ ಬಾಗಿಲಲ್ಲಿ, ದಿಲ್ಲಿಯ ಚಳಿಗಾಲದಲ್ಲಿ ಉಬ್ಬಸದ ರೋಗಿಗಳಿಗೂ ಮಕ್ಕಳಿಗೂ ಇದು ಸಣ್ಣ ಉಪಕಾರವಲ್ಲ. ಆದರೆ ದೇಶದ ವಿದ್ಯುತ್ತಿನ ಬಹುಭಾಗ ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಟಯರಿನ ಧೂಳೂ ಇದ್ದೇ ಇದೆ. ಸದ್ದಿಲ್ಲದೆ ಬರುವ ಕಾರು ಸೊಸೈಟಿಯ ಅಂಗಳದಲ್ಲಿ ಆಡುವ ಮಕ್ಕಳಿಗೆ, ನಡೆದಾಡುವ ವೃದ್ಧರಿಗೆ ಕೇಳಿಸದು. ಅಲ್ಲಿ ನಿಧಾನವೇ ಧರ್ಮ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಈ ಹೊಸ ಯಂತ್ರಕ್ಕೂ ಸಲ್ಲುತ್ತದೆ. ಸ್ವಂತ ಸಾಕೆಟ್ಟು, ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಮಿಕ್ಕ ಓಟ, ಏಳೆಂಟು ವರ್ಷ ಕಾರನ್ನು ಇಟ್ಟುಕೊಳ್ಳುವ ಸಂಕಲ್ಪ ಇರುವವರು ಧೈರ್ಯವಾಗಿ ಕೊಳ್ಳಬಹುದು. ಇವುಗಳಲ್ಲಿ ಎರಡು ಇಲ್ಲದವರು ಕಾಯುವುದರಿಂದ ನಷ್ಟವಿಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣ, ಊರ ಮನೆಯ ದುರಸ್ತಿಗೆಂದು ತೆಗೆದಿಟ್ಟ ಠೇವಣಿ ಮುಂಗಡವಾಗಿ ಹೋಗುವ ಮೊದಲು ಹಳೆಯ ಕಾರಿನ ಕಳೆದ ಹನ್ನೆರಡು ತಿಂಗಳ ಓಟವನ್ನೊಮ್ಮೆ ಕಾಗದದ ಮೇಲೆ ಬರೆದು ನೋಡುವುದು ಪ್ರತಿಯೊಬ್ಬ ಗೃಹಸ್ಥರ ಮೊದಲ ಕೆಲಸವಾಗಲಿ.