ಕುಂಡದ ಕ್ರಿಸ್‌ಮಸ್ ಮರಕ್ಕೆ ಬೆಳಕೆಷ್ಟು?

ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ಡಿಸೆಂಬರ್ ಬಂದಿತೆಂದರೆ ಕೆಲವು ಮನೆಗಳ ನಡುಮನೆಯಲ್ಲಿ ಅಂತಸ್ತು ಅಂತಸ್ತಾಗಿ ರೆಂಬೆ ಚಾಚಿದ ಹಸುರು ಗಿಡವೊಂದು ಕುಂಡದ ಸಮೇತ ಬಂದು ನಿಲ್ಲುತ್ತದೆ. ನಾವು ಕ್ರಿಸ್‌ಮಸ್ ಮರವೆನ್ನುವ ಈ ಗಿಡ ಅನೇಕ ವೇಳೆ ಅರಾಕೇರಿಯ ಜಾತಿಯದು. ಶಂಕುವಿನಾಕಾರದ ಕಾಯಿ ಬಿಡುವ ನಿತ್ಯಹಸುರಿನ ಮರವಾದರೂ ಇದು ನಿಜವಾದ ಪೈನ್ ಅಲ್ಲ. ಇದರ ತೌರು ಶಾಂತಸಾಗರದ ನಾರ್ಫಕ್ ದ್ವೀಪ, ನ್ಯೂ ಕ್ಯಾಲೆಡೋನಿಯಗಳ ಕಡೆ. ಬೆಳೆದರೆ ಎಷ್ಟೆತ್ತರವಾಗುತ್ತದೆಂಬುದನ್ನು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕತ್ತೆತ್ತಿ ನೋಡಬಹುದು.

ಹಬ್ಬ ಮುಗಿದ ಮೇಲೆ ಇದರ ಕಷ್ಟ ಆರಂಭ. ನಕ್ಷತ್ರ, ದೀಪಗಳನ್ನು ಬಿಚ್ಚಿಟ್ಟರೂ ಗಿಡ ಮಾತ್ರ ರೇಡಿಯೋ ಪಕ್ಕದ ಮೂಲೆಯಲ್ಲೇ ಉಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ತಳದ ರೆಂಬೆಗಳು ಹಳದಿಯಾಗಿ ಬಾಡುತ್ತವೆ. ಮನೆಯವರು ಮರುಗಿ, ಅದನ್ನು ಒಮ್ಮೆಲೇ ಅಂಗಳದ ಬಿಸಿಲಿಗೆ ಎತ್ತಿಡುತ್ತಾರೆ. ವಾರದೊಳಗೆ ಉಳಿದ ಎಲೆಗಳೂ ಕಂದುತ್ತವೆ. ಕತ್ತಲೆಯಲ್ಲಿ ಹಸಿದ ಗಿಡ ಬಿಸಿಲಿನಲ್ಲಿ ಬೇಯಿತು, ಅಷ್ಟೆ.

ಇಲ್ಲಿ ಮುಖ್ಯವಾದ ಮಾತೊಂದಿದೆ. ದಾಸವಾಳವನ್ನು ಕತ್ತರಿಸಿದಷ್ಟೂ ಚಿಗುರುತ್ತದೆ; ಅರಾಕೇರಿಯ ಹಾಗಲ್ಲ. ಒಣಗಿ ಬಿದ್ದ ತಳದ ರೆಂಬೆಯ ಜಾಗದಲ್ಲಿ ಮತ್ತೆ ರೆಂಬೆ ಬರುವುದನ್ನು ನಿರೀಕ್ಷಿಸುವಂತಿಲ್ಲ. ಬೋಳಾದ ಕಾಂಡ ಬೋಳಾಗಿಯೇ ಉಳಿಯುತ್ತದೆ. ಆದುದರಿಂದ ಬೆಳಕಿನ ಏರ್ಪಾಟು ಮೊದಲೇ ಆಗಬೇಕು.

ಕೋಣೆಯ ಬೆಳಕನ್ನು ಕಣ್ಣಿನಿಂದ ಅಳೆಯಲು ಹೋಗಬೇಡಿ. ಕಣ್ಣು ಮಬ್ಬಿಗೆ ಬೇಗ ಹೊಂದಿಕೊಂಡು ನಮ್ಮನ್ನು ನಂಬಿಸಿಬಿಡುತ್ತದೆ. ನಡುಹಗಲಿನಲ್ಲಿ ಗಿಡವಿರುವೆಡೆ ಬಿಳಿಯ ಕಾಗದವನ್ನು ಇಟ್ಟು, ಒಂದು ಗೇಣು ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಸರಿ. ನೆರಳೇ ಕಾಣದಿದ್ದರೆ ಕುಂಡವನ್ನು ಕಿಟಕಿಗೆ ಹತ್ತಿರ ತನ್ನಿ. ಮಬ್ಬಿನಲ್ಲಿರುವ ಗಿಡಕ್ಕೆ ನೀರು ಹೆಚ್ಚು ಹಾಕಿ ಸಮಾಧಾನಪಡಿಸುವವರೂ ಇದ್ದಾರೆ; ಅದರಿಂದ ಬೇರು ಕೊಳೆಯುತ್ತದೆ.

ಯಾವ ಕಡೆಯ ಕಿಟಕಿ? ಇಂಗ್ಲೆಂಡಿನ ಪುಸ್ತಕಗಳು ಹೇಳುವ ದಿಕ್ಕು ಇಲ್ಲಿಗೆ ಹೊಂದದು. ನಮ್ಮದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೆಯ ವಾರ ಮತ್ತೊಮ್ಮೆ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಈ ಎರಡರ ನಡುವೆ ಅವನು ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ಕಾಲ ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಜಗಲಿ ಜೂನ್ ತಿಂಗಳ ಮಧ್ಯಾಹ್ನ ನೆರಳಾಗುವುದು ಇದರಿಂದಲೇ. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಜಗಲಿ: ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು, ಆಮೇಲೆ ತೆರೆದ ಆಕಾಶದ ಬೆಳಕು. ಪಶ್ಚಿಮದ ಗೋಡೆ ಬೇಡ. ತಗಡಿನ ಷೀಟು, ಸುಣ್ಣ ಬಳಿದ ಗೋಡೆಗಳ ಝಳವೂ ಬಿಸಿಲಿಗೆ ಸಮವೇ.

ಒಳಗಿದ್ದ ಗಿಡವನ್ನು ಹೊರಕ್ಕೆ ತರುವಾಗ ಆತುರ ಸಲ್ಲದು. ಮೊದಲ ವಾರ ಜಗಲಿಯ ನೆರಳು, ಎರಡನೆಯ ವಾರ ಬೆಳಗಿನ ಒಂದು ಗಂಟೆ ಬಿಸಿಲು, ಮೂರನೆಯ ವಾರ ಎರಡು ಗಂಟೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಇನ್ನೂ ನಿಧಾನವಾಗಿ.

ಚಿನ್ನದ ಗಣಿಯ ಊರಿನವರಿಗೆ ಇನ್ನೊಂದು ಕೆಲಸವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ, ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ದಿಬ್ಬಗಳು ಹಾಗೆಯೇ ಉಳಿದಿವೆ. ಗಾಳಿ ಎದ್ದಾಗ ಆ ನುಣ್ಣನೆಯ ಧೂಳು ಮನೆ ಸೇರುತ್ತದೆ. ಕಿಟಕಿಯ ಗಾಜಿನ ಮೇಲೊಂದು ಪದರ, ಎಲೆಯ ಮೇಲೊಂದು ಪದರ ಕೂತರೆ ಒಳ್ಳೆಯ ಜಗಲಿಯ ಗಿಡಕ್ಕೂ ಬೆಳಕು ಸಾಲದು. ವಾರಕ್ಕೊಮ್ಮೆ ಬೆಳಗ್ಗೆ ನೀರು ಚಿಮುಕಿಸಿ ತೊಳೆಯಿರಿ, ಗಾಜನ್ನೂ ಒರೆಸಿ.

ಬೆಳಕು ಒಂದೇ ಕಡೆಯಿಂದ ಬಂದರೆ ಗಿಡ ಅತ್ತ ಬಾಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ನೆಟ್ಟಗಿರುತ್ತದೆ. ಕಾಂಪೌಂಡಿನಲ್ಲಿ ನೆಟ್ಟ ಮರದ ಮಾತು ಬೇರೆ. ನ್ಯೂ ಕ್ಯಾಲೆಡೋನಿಯದ ಕುಕ್ ಪೈನ್ ಎಂಬ ಅರಾಕೇರಿಯ ಎಲ್ಲಿ ಬೆಳೆದರೂ ಭೂಮಧ್ಯರೇಖೆಯತ್ತ ವಾಲುತ್ತದೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಐದು ಖಂಡಗಳಲ್ಲಿ ಅಳೆದ 256 ಮರಗಳ ಸರಾಸರಿ ವಾಲು ಎಂಟು ಡಿಗ್ರಿಗೂ ಮಿಗಿಲು. ನಿಮ್ಮ ಅಂಗಳದ ಮರ ದಕ್ಷಿಣಕ್ಕೆ ವಾಲಿದ್ದರೆ ಅದಕ್ಕೆ ಹಗ್ಗ ಕಟ್ಟಿ ಎಳೆಯುವ ಶ್ರಮ ಬೇಡ.