ನಮ್ಮ ಜಿಲ್ಲೆಯ ಎಂಟು ಜನ ಶಾಸಕರು

ಮಕ್ಕಳೇ, ಚುನಾವಣೆಯ ದಿನ ನಿಮ್ಮ ಮನೆಯ ಹಿರಿಯರ ಎಡಗೈ ತೋರುಬೆರಳನ್ನು ನೋಡಿದ್ದೀರಾ? ಅದರ ಮೇಲೆ ಕಪ್ಪು ಗುರುತು ಇರುತ್ತದೆ. ಎಷ್ಟು ತಿಕ್ಕಿ ತೊಳೆದರೂ ಅದು ಬೇಗನೆ ಹೋಗುವುದಿಲ್ಲ. ಒಬ್ಬರೇ ಎರಡು ಸಲ ಮತ ಹಾಕಬಾರದೆಂದು ಆ ಶಾಯಿಯನ್ನು ಹಚ್ಚುತ್ತಾರೆ. ಅದು ತಯಾರಾಗುವುದು ಕರ್ನಾಟಕದ ಮೈಸೂರಿನಲ್ಲಿ. 1962ರ ಚುನಾವಣೆಯಿಂದ ಅದು ಬಳಕೆಯಲ್ಲಿದೆ.

2024ರ ನವೆಂಬರ್ 20ರಂದು ಮಹಾರಾಷ್ಟ್ರದ ಎಲ್ಲ ಜಿಲ್ಲೆಗಳಲ್ಲಿ ವಿಧಾನಸಭೆಗಾಗಿ ಮತದಾನ ನಡೆಯಿತು. ಸಾಂಗಲಿ, ಮಿರಜ ನಗರಗಳಲ್ಲಿಯೂ ಜತ್ತದ ಹಳ್ಳಿಗಳಲ್ಲಿಯೂ ಅನೇಕ ಶಾಲೆಗಳು ಅಂದು ಮತಗಟ್ಟೆಗಳಾದವು. ಮತದಾರರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಒಳಗೆ ಹೋಗಿ, ಮತಯಂತ್ರದ ಗುಂಡಿ ಒತ್ತಿದರು. ಯಾರು ಯಾರಿಗೆ ಮತ ಹಾಕಿದರೆಂಬುದು ಗುಟ್ಟು. ಅದನ್ನು ಹೇಳೆಂದು ಯಾರೂ ಒತ್ತಾಯಿಸುವಂತಿಲ್ಲ.

ವಿಧಾನಸಭೆ ಎಂದರೇನು? ರಾಜ್ಯಕ್ಕೆ ಬೇಕಾದ ಕಾಯದೆಗಳನ್ನು ಮಾಡುವ ಸಭೆ ಅದು. ಸರಕಾರದ ಹಣವನ್ನು ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕೆಂಬುದಕ್ಕೂ ಅದರ ಒಪ್ಪಿಗೆ ಬೇಕು. ಒಂದು ಉದಾಹರಣೆ ನೋಡಿರಿ. ಜತ್ತ ತಾಲೂಕಿನಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಬಾವಿಗಳು ಬತ್ತುತ್ತವೆ. ಮಿರಜ ತಾಲೂಕಿನ ಮ್ಹೈಸಾಳದ ಬಳಿ ಕೃಷ್ಣಾ ನದಿಯ ನೀರನ್ನು ಪಂಪುಗಳಿಂದ ಮೇಲಕ್ಕೆತ್ತಿ ಕವಠೇಮಹಾಂಕಾಳ, ಜತ್ತ ಕಡೆಗೆ ಒಯ್ಯುವ ಯೋಜನೆಯಿದೆ. ಇಂಥ ಕೆಲಸಕ್ಕೆ ಬಹಳ ಹಣ ಬೇಕು. ಆ ಹಣವನ್ನು ಕೇಳಲು ನಮ್ಮ ಪರವಾಗಿ ಮಾತನಾಡುವವರೂ ಬೇಕು. ಅವರೇ ಶಾಸಕರು. ಮರಾಠಿಯಲ್ಲಿ ಅವರನ್ನು ‘ಆಮದಾರ’ ಎನ್ನುತ್ತಾರೆ.

ಮಹಾರಾಷ್ಟ್ರದಲ್ಲಿ 288 ವಿಧಾನಸಭಾ ಕ್ಷೇತ್ರಗಳಿವೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಶಾಸಕರು. ಸಾಂಗಲಿ ಜಿಲ್ಲೆಯಲ್ಲಿ ಎಂಟು ಕ್ಷೇತ್ರಗಳಿವೆ. ಅವುಗಳ ಕ್ರಮಸಂಖ್ಯೆ 281ರಿಂದ 288ರವರೆಗೆ. ಮಿರಜ 281ನೆಯದು. ಈ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲು. ಎಂದರೆ ಅಲ್ಲಿ ಎಲ್ಲರೂ ಮತ ಹಾಕುತ್ತಾರೆ, ಆದರೆ ಚುನಾವಣೆಗೆ ನಿಲ್ಲುವವರು ಪರಿಶಿಷ್ಟ ಜಾತಿಯವರೇ ಆಗಿರಬೇಕು. ಕನ್ನಡ ಮಾತನಾಡುವವರು ಹೆಚ್ಚಾಗಿರುವ ಜತ್ತ 288ನೆಯದು, ರಾಜ್ಯದ ಪಟ್ಟಿಯಲ್ಲಿ ಕಟ್ಟಕಡೆಯದು. ಆದರೆ ಸಭೆಯಲ್ಲಿ ಮೊದಲನೆಯ ಕ್ಷೇತ್ರದ ಶಾಸಕರಿಗೂ ಕೊನೆಯ ಕ್ಷೇತ್ರದ ಶಾಸಕರಿಗೂ ಒಂದೊಂದೇ ಮತ.

ನವೆಂಬರ್ 23ರಂದು ಮತಗಳ ಎಣಿಕೆಯಾಯಿತು. ನಮ್ಮ ಜಿಲ್ಲೆಯ ಫಲಿತಾಂಶ ಹೀಗಿತ್ತು:

ಮಿರಜ – ಸುರೇಶ ಖಾಡೆ (ಭಾರತೀಯ ಜನತಾ ಪಕ್ಷ)
ಸಾಂಗಲಿ – ಸುಧೀರ ಗಾಡಗೀಳ (ಭಾರತೀಯ ಜನತಾ ಪಕ್ಷ)
ಇಸ್ಲಾಂಪುರ – ಜಯಂತ ಪಾಟೀಲ (ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷ – ಶರದಚಂದ್ರ ಪವಾರ)
ಶಿರಾಳಾ – ಸತ್ಯಜಿತ ದೇಶಮುಖ (ಭಾರತೀಯ ಜನತಾ ಪಕ್ಷ)
ಪಲೂಸ-ಕಡೇಗಾಂವ – ವಿಶ್ವಜೀತ ಕದಮ (ಕಾಂಗ್ರೆಸ್)
ಖಾನಾಪುರ – ಸುಹಾಸ ಬಾಬರ (ಶಿವಸೇನಾ)
ತಾಸಗಾಂವ-ಕವಠೇಮಹಾಂಕಾಳ – ರೋಹಿತ ಪಾಟೀಲ (ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷ – ಶರದಚಂದ್ರ ಪವಾರ)
ಜತ್ತ – ಗೋಪಿಚಂದ ಪಡಳಕರ (ಭಾರತೀಯ ಜನತಾ ಪಕ್ಷ)

ಒಂದೇ ಜಿಲ್ಲೆ, ಆದರೆ ನಾಲ್ಕು ಪಕ್ಷಗಳ ಶಾಸಕರು! ಪಕ್ಕದ ಕ್ಷೇತ್ರದವರು ಬೇರೆ ಪಕ್ಷವನ್ನು ಆರಿಸಿದರೆಂದು ನಾವು ಅವರೊಡನೆ ಜಗಳವಾಡುತ್ತೇವೆಯೇ? ಇಲ್ಲ. ಅವರ ಆಯ್ಕೆ ಅವರದು, ನಮ್ಮ ಆಯ್ಕೆ ನಮ್ಮದು.

ಇನ್ನು ಗೆಲ್ಲುವುದೆಂದರೆ ಏನೆಂದು ತಿಳಿಯೋಣ. ನಿಮ್ಮ ವರ್ಗದಲ್ಲಿ 40 ಮಕ್ಕಳಿದ್ದಾರೆ ಎನ್ನಿರಿ. ಮುಖಂಡನ ಸ್ಥಾನಕ್ಕೆ ಮೂವರು ನಿಂತರು. ಅವರಿಗೆ 17, 13, 10 ಮತಗಳು ಬಂದವು. 17 ಮತ ಪಡೆದವನು ಗೆದ್ದನು. ಆದರೆ 23 ಮಕ್ಕಳು ಅವನಿಗೆ ಮತ ಹಾಕಿರಲಿಲ್ಲ! ಹಾಗೆಂದು ಅವನು ಹದಿನೇಳು ಜನರಿಗೆ ಮಾತ್ರ ಮುಖಂಡನೇ? ಅಲ್ಲ. ನಲವತ್ತು ಜನರಿಗೂ ಅವನೇ ಮುಖಂಡ. ಶಾಸಕರೂ ಹಾಗೆಯೇ. ಮತ ಕೊಟ್ಟವರಿಗೂ ಕೊಡದವರಿಗೂ ಅವರು ಶಾಸಕರು. ಕುಡಿಯುವ ನೀರು ಕೇಳಲು ಯಾರು ಬಂದರೂ ಅವರ ಮಾತನ್ನು ಆಲಿಸಬೇಕು.

288ರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ ಕನಿಷ್ಠ 145 ಶಾಸಕರ ಬೆಂಬಲ ಇದ್ದವರು ಸರಕಾರ ರಚಿಸುತ್ತಾರೆ. 2024ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ 132, ಶಿವಸೇನೆಗೆ 57, ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷಕ್ಕೆ 41 ಸ್ಥಾನಗಳು ಬಂದವು. ಯಾವ ಪಕ್ಷಕ್ಕೂ ಒಂದೇ ಆಗಿ 145 ಬರಲಿಲ್ಲ. ಈ ಮೂರೂ ಸೇರಿ ಸರಕಾರ ರಚಿಸಿದವು. ಡಿಸೆಂಬರ್ 5ರಂದು ದೇವೇಂದ್ರ ಫಡಣವೀಸ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಉಳಿದ ಪಕ್ಷಗಳಲ್ಲಿ ಹಲವು ಪಕ್ಷಗಳವರು ವಿರೋಧ ಪಕ್ಷದಲ್ಲಿ ಕುಳಿತರು. ಅವರ ಕೆಲಸವೂ ದೊಡ್ಡದೇ. ಸರಕಾರ ತಪ್ಪಿದಾಗ ಅದನ್ನು ಪ್ರಶ್ನಿಸುವವರು ಅವರು.

ಮಕ್ಕಳೇ, ಹದಿನೆಂಟು ವರ್ಷ ತುಂಬಿದವರಿಗೆ ಮತದಾನದ ಹಕ್ಕು ಇದೆ. 1989ಕ್ಕಿಂತ ಮೊದಲು ಇದಕ್ಕೆ ಇಪ್ಪತ್ತೊಂದು ವರ್ಷ ತುಂಬಬೇಕಾಗಿತ್ತು. ಶ್ರೀಮಂತರಿಗೂ ಕೂಲಿಕಾರರಿಗೂ, ಓದಿದವರಿಗೂ ಓದದವರಿಗೂ ಒಂದೇ ಮತ. ಮುಂದೆ ಆ ಶಾಯಿ ನಿಮ್ಮ ಬೆರಳಿಗೂ ಬರುತ್ತದೆ. ಅಂದು ಯಾರ ಆಸೆಗೂ ಅಂಜಿಕೆಗೂ ಒಳಗಾಗದೆ, ನಿಮ್ಮ ಊರಿಗೆ ಏನು ಬೇಕೆಂದು ಯೋಚಿಸಿ ಮತ ಹಾಕಿರಿ.

ಅಭ್ಯಾಸ

1. ಬೆರಳಿಗೆ ಶಾಯಿಯನ್ನು ಏಕೆ ಹಚ್ಚುತ್ತಾರೆ?
2. ಸಾಂಗಲಿ ಜಿಲ್ಲೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸ್ಥಾನಗಳು ಬಂದವು? ಪಟ್ಟಿ ಮಾಡಿರಿ.
3. ಸರಕಾರ ರಚಿಸಿದ ಮೂರು ಪಕ್ಷಗಳ ಸ್ಥಾನಗಳನ್ನು ಕೂಡಿಸಿರಿ.
4. ಗೆದ್ದವರು ಮತ ಕೊಡದವರಿಗೂ ಶಾಸಕರು ಹೇಗೆ? ನಿಮ್ಮ ಮಾತಿನಲ್ಲಿ ಹೇಳಿರಿ.